ಡಾಕ್ಟರರ ಗಂಟು

ಸಂಕ್ರಾಂತಿ ಮುಗಿದು ಮದುವೆ ಸೀರೆಗಳ ಸುಗ್ಗಿ ಶುರುವಾಗಿತ್ತು. ಬನಹಟ್ಟಿಯ ಓಣಿಗಳಲ್ಲಿ ಮಗ್ಗಗಳು ಬೆಳಗಿನಿಂದಲೇ ಖಟಖಟ ಅನ್ನುತ್ತಿದ್ದವು. ನೇಕಾರ ಸಿದ್ದಾರೂಢ ಮಾತ್ರ ಮಗ್ಗ ಬಿಟ್ಟು ಬಂದು, ಜಮಖಂಡಿಯ ಡಾಕ್ಟರರ ಎದುರು ಕುಂತಿದ್ದ.

“ಎಡಗಡೆ ವೃಷಣದ ನರ ಉಬ್ಬ್ಯಾವು. ಮ್ಯಾಲ ಹತ್ತಬೇಕಾದ ರಕ್ತ ಅಲ್ಲೇ ಮಡುಗಟ್ಟಿ ಕಾವು ಏರೈತಿ, ಬೀಜ ಸೊರಗ್ಯಾವು. ನಿಂತು ನೇಯುವಾಗ ಜಗ್ಗಿದಂಗ ನೋಯೂದೂ ಅದಕ್ಕ. ಸಣ್ಣದೊಂದು ಆಪರೇಶನ್ ಮಾಡಿ, ಉಬ್ಬಿದ ನರಕ್ಕ ಗಂಟು ಹಾಕಿ ಬಂದ್ ಮಾಡ್ತೇವಿ. ರಕ್ತ ಬ್ಯಾರೆ ನರದಾಗ ಹಾದಿ ಹಿಡೀತೈತಿ. ಕೂಸಿನ ಆಶಾ ಹೆಚ್ಚತೈತಿ, ಖಾತ್ರಿ ಅಂತ ಹೇಳಾಂಗಿಲ್ಲ.”

“ಅದೆಲ್ಲಾ ಖರೆ ರೀ. ಯಾವ ಗಂಟು?”

“ಅಂದ್ರ?”

“ಹರದ ಎಳಿ ಕಟ್ಟೂದ ನನ್ನ ಉದ್ಯೋಗ. ನಿಮ್ಮ ಕೈಗಂಟು ನೋಡದ ಹೆಂಗ ಮಲಗ್ಲಿರಿ?”

ಡಾಕ್ಟರರು ನಕ್ಕು, ಗಾಯ ಹೊಲಿಯುವ ಕರಿ ದಾರದ ಎರಡು ತುಂಡು ಜೋಡಿಸಿ ಗಂಟು ಹಾಕಿ ಕೊಟ್ಟರು. ಸಿದ್ದಾರೂಢ ಮನೆಗೆ ಬಂದವನೇ ಮಗ್ಗದಲ್ಲಿದ್ದ ಸೀರೆಯ ಅಂಚಿನ ಒಂದು ಎಳೆ ಕತ್ತರಿಸಿ, ನಡುವೆ ಆ ಕರಿ ದಾರ ಕೂಡಿಸಿ, ಕರೆಂಟ್ ಮಗ್ಗದ ಗುಂಡಿ ಒತ್ತಿದ. ತುಸು ಹೊತ್ತಿಗೇ ಗಂಟು, ಎಳೆಗಳು ಹಾಯುವ ಹಣಿಗೆಯ ಹಲ್ಲಿಗೆ ಸಿಕ್ಕಿ ಮಗ್ಗ ನಿಂತಿತು.

“ನೋಡು! ಮಗ್ಗದಾಗ ಪಾಸಾಗದ ಗಂಟು ಮೈಯಾಗ ಹಾಕಿಸಿಕೊಳ್ಳಲೇನ?”

ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಡತಿ ರಾಜಶ್ರೀ ಎದ್ದು ಬಂದಳು. ಸೊಸೆಯನ್ನೇ ಬಂಜೆ ಅನ್ನುತ್ತಿದ್ದ ಅತ್ತೆ ಸತ್ಯವ್ವ, ಯುಗಾದಿಗೆ ಮಗನ ಎರಡನೇ ಮದುವೆಗಾಗಿ ತೇರದಾಳದ ಹುಡುಗಿಯನ್ನು ನೋಡಿಬರಲು ತಯಾರಾಗಿದ್ದಳು. ರಾಜಶ್ರೀ ಗಂಟಿನ ಎರಡೂ ಬದಿಯ ಕರಿ ದಾರ ಹಿಡಿದು ಜಗ್ಗಿದಳು. ಗಂಟು ಮಿಸುಕಲಿಲ್ಲ.

“ಮಗ್ಗದಾಗ ಎಳಿ ಓಡಬೇಕ್ರಿ. ನಿಮ್ಮ ಉಬ್ಬಿದ ನರದಾಗ ರಕ್ತ ನಿಲ್ಲಬೇಕು. ಇಷ್ಟ ದೊಡ್ಡ ಮಗ್ಗಾನ ನಿಲ್ಲಿಸಿದ ಗಂಟು, ನಿಮ್ಮ ನರ ನಿಲ್ಲಸೂದಿಲ್ಲೇನು?”

ಸಿದ್ದಾರೂಢ ನಿಂತ ಮಗ್ಗವನ್ನೇ ನೋಡಿದ. “ಅವ್ವಗ ಯಾರು ಹೇಳಾವ್ರು?”

“ಮಗ್ಗ ಯಾಕ ನಿಂತೈತಿ ಅಂತ ಕೇಳಾಕ ಈಗ ಬರ್ತಾರ. ನೀವ ಹೇಳ್ರಿ.”

ಸತ್ಯವ್ವ ಬಂದಳು, ಕೇಳಿದಳು. ಅವನು ತಲೆ ತಗ್ಗಿಸಿ, ಕೊರತೆ ತನ್ನದೇ ಎಂದು ಹೇಳಿದ. ರಾಜಶ್ರೀ ಅಷ್ಟರಲ್ಲಿ ಗಂಟನ್ನು ಹಣಿಗೆಯಿಂದ ಮೆಲ್ಲಗೆ ದಾಟಿಸಿ ಸೀರೆಗೆ ಸೇರಿಸಿದ್ದಳು.

ಅಂಚಿನಲ್ಲಿ ಕರಿ ಗಂಟಿದ್ದ ಆ ಸೀರೆಯನ್ನು, ನೇಯ್ದ ಮಾಲು ಕೊಳ್ಳುವ ಸಾವಕಾರ ವಾಪಸ್ ಕೊಟ್ಟ. ಆಪರೇಶನ್ ದಿನ ರಾಜಶ್ರೀ ಅದನ್ನೇ ಉಟ್ಟು ಆಪರೇಶನ್ ಕೋಣೆಯ ಬಾಗಿಲ ಹೊರಗೆ ಕುಂತಳು. ಪಕ್ಕದಲ್ಲಿದ್ದ ಸತ್ಯವ್ವ ಸೊಸೆಯ ಸೀರೆಯ ಅಂಚು ಎಳೆದುಕೊಂಡು, ಗಂಟನ್ನು ಉಗುರಿನಿಂದ ಕೆದಕಿ ನೋಡಿದಳು.

“ಗಟ್ಟಿ ಐತಿ ಬಿಡು,” ಅಂದಳು. ಅಂಚನ್ನು ಮಾತ್ರ ಬಿಡಲಿಲ್ಲ.