ಮುನ್ನೂರನೆಯ ಮೆಸೇಜು

ನಾಳೆಯಿಂದ ಕೆಲಸಕ್ಕೆ ಬರಬೇಡಿ ಅನ್ನುವ ಮೆಸೇಜು ಕಂಪನಿಯ ಮುನ್ನೂರು ಜನರಿಗೆ ಒಂದೇ ಏಟಿಗೆ ತಲುಪಬೇಕಿತ್ತು. ಅದನ್ನು ಕಳಿಸುವ ಆ್ಯಪನ್ನು ಟೆಸ್ಟ್ ಮಾಡುವ ಹೊಣೆ ಅವಳದು. ಹೆಸರು, ನಂಬರು ಎಲ್ಲ ಮುಚ್ಚಿಟ್ಟಿದ್ದರು. ಅವಳಿಗೆ ಕಾಣುತ್ತಿದ್ದದ್ದು ಎಣಿಕೆ ಮಾತ್ರ. ನಿಜವಾಗಿ ಕಳಿಸದೆ, ಬರೀ ಪರೀಕ್ಷೆಗೆಂದು ಎಷ್ಟು ಸಲ ಓಡಿಸಿ ನೋಡಿದರೂ ಅದು ಇನ್ನೂರ ತೊಂಬತ್ತೊಂಬತ್ತಕ್ಕೇ ನಿಲ್ಲುತ್ತಿತ್ತು.

“ಪಟ್ಟಿಯಲ್ಲಿ ಕೊನೆಯವರಿಗೆ ಹೋಗ್ತಿಲ್ಲ ಸರ್. ಅಷ್ಟರಲ್ಲಿ ಸರ್ವರ್ ಸುಸ್ತಾಗ್ತಿದೆ.”

ಮ್ಯಾನೇಜರ್ ಟೀ ಕಪ್ಪನ್ನು ತಿರುಗಿಸುತ್ತಾ ಕೂತಿದ್ದರು. “ಒಬ್ಬರು ತಾನೇ, ಬಿಡಮ್ಮ. ಅವರಿಗೆ ನಾನೇ ಬಾಯಲ್ಲಿ ಹೇಳ್ತೀನಿ.”

“ಬೇಡ ಸರ್. ಒಬ್ಬರು ತಪ್ಪಿಸಿಕೊಂಡರೂ ನನ್ನ ಟೆಸ್ಟ್ ಫೇಲಾದ ಹಾಗೇ.”

ಊಟಕ್ಕೂ ಏಳದೆ ಕೂತು, ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ಹುಡುಕಿ, ಡೆವಲಪರನ ಬೆನ್ನು ಬಿದ್ದು ಸರಿಮಾಡಿಸಿದಳು. ಮತ್ತೆ ಓಡಿಸಿದಾಗ ಮುನ್ನೂರಕ್ಕೆ ಮುನ್ನೂರು. “ಈಗ ಕಳಿಸಿ ಸರ್,” ಅಂದಳು, ಬೀಗುತ್ತಾ.

ಮ್ಯಾನೇಜರ್ ಟೀ ಕಪ್ಪು ಕೆಳಗಿಟ್ಟು ಬಟನ್ ಒತ್ತಿದರು. ಆಫೀಸಿನ ತುಂಬಾ ಫೋನುಗಳು ಟಿಣ್ ಟಿಣ್ ಅಂದವು. ಯಾರೋ ಕುರ್ಚಿ ತಳ್ಳಿ ಎದ್ದರು. ಅವಳು ಮಾತ್ರ ಪರದೆಯ ಮೇಲಿನ ಎಣಿಕೆಯನ್ನೇ ನೋಡುತ್ತಿದ್ದಳು: ಇನ್ನೂರ ತೊಂಬತ್ತೆಂಟು, ಇನ್ನೂರ ತೊಂಬತ್ತೊಂಬತ್ತು.

ಮುನ್ನೂರು ಮೂಡುತ್ತಲೇ ಅವಳ ಬ್ಯಾಗಿನೊಳಗೆ ಫೋನು ಟಿಣ್ ಅಂದಿತು.