ವಾಪಸು ಕೊಟ್ಟ ಅಕ್ಷರ

ಮಕ್ಕಳ ಮುಂದೆ ಒದರಿ ಒದರಿ ಕಸ್ತೂರಿ ಅಕ್ಕೋರ ಗಂಟಲು ಕೂತು ಎರಡು ವರ್ಷವಾಗಿತ್ತು. ಇನ್ನೂ ಎಂಟು ವರ್ಷ ಪಾಠ ಹೇಳಿದರೆ ಗಂಟಲೇ ಹೋಗುತ್ತದೆಂದು ಡಾಕ್ಟರು ಹೆದರಿಸಿದ್ದರು. ಅವಧಿಗೆ ಮುಂಚೆ ನಿವೃತ್ತಿ ಬೇಕೆಂದರೆ, ಎಲ್ಲ ಶಿಕ್ಷಕರಂತೆ ಅವರೂ ಯಾವುದಾದರೂ ಒಂದು ವರ್ಷದ ಮಕ್ಕಳಿಗೆ ಕಲಿಸಿದ ಅಕ್ಷರವನ್ನು ಸರ್ಕಾರಕ್ಕೆ ವಾಪಸು ಕೊಡಬೇಕಿತ್ತು. ಕೊಟ್ಟ ಕ್ಷಣದಿಂದ ಆ ವರ್ಷದ ಮಕ್ಕಳು, ಈಗ ಎಷ್ಟೇ ದೊಡ್ಡವರಾಗಿದ್ದರೂ, ಓದು ಬರಹ ಮರೆಯುತ್ತಿದ್ದರು. ಸರ್ಕಾರ ಅದನ್ನು ಸಿರಿವಂತರ ಮಕ್ಕಳಿಗೆ ಮಾರಿ ಪಿಂಚಣಿ ಕೊಡುತ್ತಿತ್ತು.

ಕಚೇರಿಯ ಗುಮಾಸ್ತ ಫಕೀರಪ್ಪ ಅವರದೇ ಶಿಷ್ಯ. ಎದ್ದು ಕುರ್ಚಿ ಕೊಟ್ಟ.

"ಯಾವ ವರ್ಷದ್ದು ಕೊಡ್ತೀರಿ, ಅಕ್ಕೋರ?"

"ತೊಂಬತ್ತಾರನೇ ಇಸ್ವಿ ಒಂದನೇ ಕ್ಲಾಸಿಂದು. ಬರೇ ಕೋಣಗಳು. ಒಬ್ಬರೂ ಪೇಪರ್ ಓದಂಗಿಲ್ಲ. ನಿಮ್ಮ ತೊಂಬತ್ತೈದರದ್ದು ಮಾತ್ರ ಮುಟ್ಟಬ್ಯಾಡ, ನೀ ಅದರಾಗ ಅದಿ."

ಫಕೀರಪ್ಪನ ಮುಖ ಸಪ್ಪಗಾಯಿತು. "ಅಕ್ಕೋರ, ತೊಂಬತ್ತಾರರಾಗ ನಾನೂ..."

"ಎದುರು ಮಾತಾಡಬ್ಯಾಡ! ಶಿಕ್ಕಾ ಹೊಡಿ."

ಅವನು ಸರ್ಕಾರಿ ಮುದ್ರೆ ಎತ್ತಿ ಅವರ ಅರ್ಜಿಯ ಮೇಲೆ ಶಿಕ್ಕಾ ಹೊಡೆದ. ಆಮೇಲೆ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೆಲ್ಲಗೆ ಕೇಳಿದ:

"ಇದರಾಗ ಏನ್ ಬರದೈತ್ರಿ?"

ಅಕ್ಕೋರಿಗೆ ಆಗ ನೆನಪಾಯಿತು. ತೊಂಬತ್ತೈದರಲ್ಲಿ ಮಗ್ಗಿ ಬರಲಿಲ್ಲವೆಂದು ಸಿಟ್ಟಿನಲ್ಲಿ ಇವನನ್ನು ತಾವೇ ನಪಾಸು ಮಾಡಿದ್ದರು. ಮರುವರ್ಷ ಅದೇ ಕೋಣಗಳ ಜೊತೆ ಅದೇ ತರಗತಿಯಲ್ಲಿ ಕೂರಿಸಿದ್ದರು.

"ಗಟ್ಟಿಯಾಗಿ ಯಾಕ ಹೇಳಲಿಲ್ಲೋ, ಮೂಳ?"

"ನೀವು ಬ್ಯಾಡಂದ್ರಲ್ರೀ."

ರಸೀದಿಯಲ್ಲಿ ತಾನು ಸಹಿ ಹಾಕುವ ಜಾಗಕ್ಕೆ ಫಕೀರಪ್ಪ ಹೆಬ್ಬೆಟ್ಟು ಒತ್ತಿ, ಎರಡೂ ಕೈಯಿಂದ ಅಕ್ಕೋರಿಗೆ ಕೊಟ್ಟ.