ಹೆಸರು ಕೇಳಲು ಬಂದ ಅತ್ತೆ

“ಅಮ್ಮಾ, ಬೆಳಗಿನ ಜಾವ ಕನಸಲ್ಲಿ ಅಜ್ಜಿ ಬಂದಿದ್ಲು” ಎಂದಳು ತುಂಬು ಬಸುರಿ ರಾನ್ವೇಗ್.

ಗ್ರೋವಾ ಹೆಣಿಗೆಯ ಕಡ್ಡಿಗಳನ್ನು ಕೆಳಗಿಟ್ಟಳು. ನಮ್ಮ ಐಸ್‌ಲ್ಯಾಂಡಿನಲ್ಲಿ ಸತ್ತವರು ಬಸುರಿಯ ಕನಸಿಗೆ ಸುಮ್ಮನೆ ಬರುವುದಿಲ್ಲ. ಹುಟ್ಟುವ ಮಗುವಿಗೆ ತಮ್ಮ ಹೆಸರಿಡಿ ಎಂದು ಕೇಳಲು ಬರುತ್ತಾರೆ. ಇಲ್ಲವೆಂದರೆ ಮಗುವಿಗೆ ಒಳ್ಳೆಯದಲ್ಲ. ಗ್ರೋವಾ ಎಂಟು ತಿಂಗಳಿಂದ ತನ್ನ ತಾಯಿ ಸಾಲ್ವರ್ ಬರಲೆಂದು ಕಾದಿದ್ದಳು; ಹುಟ್ಟುವುದು ಹೆಣ್ಣೆಂದು ಡಾಕ್ಟರು ಹೇಳಿದ ಮೇಲಂತೂ ಇನ್ನೂ ಹೆಚ್ಚು.

“ನನ್ನಮ್ಮ ತಾನೇ?”

“ಅಲ್ಲಮ್ಮ. ಅಪ್ಪನ ಅಮ್ಮ. ಥೋರ್ಕಾಟ್ಲಾ ಅಜ್ಜಿ.”

ಸತ್ತು ಹನ್ನೊಂದು ವರ್ಷವಾಗಿದ್ದ ಅತ್ತೆಯ ಹೆಸರು ಕೇಳಿ ಗ್ರೋವಾ ಸಿಡಿದಳು. “ಅಯ್ಯೋ ದೇವರೇ! ಬದುಕಿದ್ದಾಗ ನನ್ನ ಅಡುಗೆಮನೆ ಬಿಡಲಿಲ್ಲ, ಈಗ ನನ್ನ ಮೊಮ್ಮಗಳನ್ನೂ ಬಿಡಲ್ವಂತಾ? ಇಪ್ಪತ್ತೆರಡು ವರ್ಷ ಕಣೇ, ನಾನು ಮಾಡಿದ ಮೀನಿನ ಸಾರನ್ನ ರುಚಿ ಕೂಡ ನೋಡದೆ ಉಪ್ಪು ಸುರೀತಿದ್ಲು. ನಾನು ಒಂದು ದಿನಾನೂ ತುಟಿ ಪಿಟಕ್ ಅಂದಿಲ್ಲ. ಆ ಹೆಸರಾದ್ರೂ ಎಂಥದ್ದು! ಮುಂದೆ ಗುಡುಗಿನ ದೇವರು ಥೋರ್, ಹಿಂದೆ ಕಾಟ್ಲಾ, ಅಂದ್ರೆ ಒಂದು ಕೊಪ್ಪರಿಗೆ. ಹೆಣ್ಣುಮಗೂಗೆ ಇಡೋ ಹೆಸರಾ ಅದು?”

“ಸಾವಿರ ವರ್ಷದಿಂದ ಇಡ್ತಾನೇ ಇದ್ದಾರಲ್ಲಮ್ಮ. ಕೊಪ್ಪರಿಗೆ ಇರೋ ಮನೇಲಿ ಊಟ ಇರುತ್ತೆ. ಅಜ್ಜಿಗೂ ಅವಳಜ್ಜಿ ಹೆಸರೇ. ಈಗ ಊರಲ್ಲಿ ಆ ಹೆಸರಿನೋರು ಒಬ್ಬರೂ ಇಲ್ಲ.”

“ಇರಲೂಬಾರದು!”

ರಾನ್ವೇಗ್ ನಕ್ಕಳು. “ಪೂರ್ತಿ ಕೇಳು. ರಬ್ಬರ್ ಬೂಟು ಹಾಕ್ಕೊಂಡು ಬಾಗಿಲಲ್ಲೇ ನಿಂತಿದ್ಲು, ಒಳಗೆ ಬರಲಿಲ್ಲ. ‘ಗ್ರೋವಾ ಒಪ್ತಾಳಾ ಕೇಳು. ಅವಳು ಒಪ್ಪಿದ್ರೆ ಮಾತ್ರ’ ಅಂದ್ಲು.”

ಥೋರ್ಕಾಟ್ಲಾ ಜನ್ಮದಲ್ಲಿ ಯಾರ ಒಪ್ಪಿಗೆಯನ್ನೂ ಕೇಳಿದವಳಲ್ಲ. ಗ್ರೋವಾ ಕಡ್ಡಿಗಳನ್ನು ಎತ್ತಿಕೊಂಡಳು. ಎರಡು ಸಾಲು ತಪ್ಪು ಹೆಣೆದು ಮತ್ತೆ ಬಿಚ್ಚಿದಳು.

“ಹೆಸರಿಡೋ ದಿನ ಮಗೂನ ನೀನೇ ಎತ್ಕೋ” ಎಂದಳು ರಾನ್ವೇಗ್. “ಪಾದ್ರಿಗೆ ಹೆಸರೂ ನೀನೇ ಹೇಳು. ಯಾವುದು ಹೇಳಿದ್ರೂ ನನಗೆ ಸರಿ.”

ಮಗುವಿಗೆ ಆರು ವಾರವಾದಾಗ ಪಾದ್ರಿ ಮನೆಗೇ ಬಂದರು. ಅಲ್ಲಿಯವರೆಗೂ ಗ್ರೋವಾ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ; ಮಗು ಬರೀ ‘ಪುಟ್ಟಿ’ ಆಗಿತ್ತು. ನೀರಿನ ಬೋಗುಣಿಯ ಪಕ್ಕ ಗ್ರೋವಾ ತನ್ನಮ್ಮ ಸಾಲ್ವರ್‌ಳ ಫೋಟೋ ಒರೆಸಿ ಇಟ್ಟಿದ್ದನ್ನು ಕಂಡು, ಹೆಸರು ಅದೇ ಎಂದುಕೊಂಡಳು ರಾನ್ವೇಗ್.

“ಮಗುವಿನ ಹೆಸರು?” ಪಾದ್ರಿ ಕೇಳಿದರು.

ಗ್ರೋವಾ ಫೋಟೋ ನೋಡಿದಳು, ಮಗುವನ್ನು ನೋಡಿದಳು. ಆಮೇಲೆ ಯಾರೋ ನಿಂತಿದ್ದಾರೇನೋ ಎಂಬಂತೆ ಬಾಗಿಲ ಕಡೆ ನೋಡಿದಳು.

“ಥೋರ್ಕಾಟ್ಲಾ.”

ಪಾದ್ರಿ ಹನಿಸಿದ ನೀರು ನೆತ್ತಿಗೆ ಬಿದ್ದದ್ದೇ ತಡ, ಮಗು ಸೂರು ಹಾರಿಹೋಗುವಂತೆ ಕಿರುಚಿತು. ಎದೆಗೊತ್ತಿ ತಟ್ಟಿದರೂ ಇಲ್ಲ, ತೂಗಿದರೂ ಇಲ್ಲ.

“ಥೋರ್ಕಾಟ್ಲಾ, ಬಾಯಿ ಮುಚ್ಚೇ!” ಎಂದು ಗದರಿದಳು ಗ್ರೋವಾ.

ಮಗು ತಟ್ಟನೆ ಸುಮ್ಮನಾಗಿ ಅವಳ ಮುಖವನ್ನೇ ನೋಡತೊಡಗಿತು. ಗ್ರೋವಾಳಿಗೆ ಅಳುವೂ ಬಂತು, ನಗುವೂ ಬಂತು.

“ನೋಡಿದ್ಯೇನೇ ರಾನ್ವೇಗ್? ಇದೇ ಮೊದಲನೇ ಸಲ ನನ್ನ ಮಾತು ಕೇಳಿದ್ಲು!”